ದೇವರ ಮೇಲೆ ನಮ್ಮತ್ತೆಯ ತಗಾದೆ

ನಮ್ಮತ್ತೆಯ ಕಾಟಕ್ಕೆ ಹೆದರಿಯೇ ದತ್ತ ಮಹಾರಾಜರು ನಮ್ಮ ಓಣಿ ಬಿಟ್ಟು ಪಕ್ಕದ ಓಣಿಯಲ್ಲಿ ಓಡಾಡುತ್ತಿದ್ದರೆಂಬುದು ನನ್ನ ಬಲವಾದ ಅನುಮಾನ! ಗಾಣಗಾಪುರದಲ್ಲಿ ಮಧ್ಯಾಹ್ನದ ಹೊತ್ತು ದೇವರು ಯಾವುದಾದರೊಂದು ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂದು ಎಲ್ಲರೂ ನಂಬುತ್ತಾರೆ. ನಂಬಿ, ರೊಟ್ಟಿ ನೀಡಿ, ಕೈಮುಗಿದು ಒಳಗೆ ಹೋಗುತ್ತಾರೆ. ನಮ್ಮತ್ತೆ ಹಾಗಲ್ಲ. ಬಂದವರನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ತಗಾದೆ ಶುರುಮಾಡುತ್ತಿದ್ದರು.

ತಗಾದೆ ಒಂದೇ: ಯುದ್ಧ ನಿಲ್ಲಿಸಬೇಕು. ನನ್ನ ಗಂಡ, ಅಂದರೆ ಅತ್ತೆಯ ಒಬ್ಬನೇ ಮಗ, ಸೊಲ್ಲಾಪುರಕ್ಕೆ ಹೋಗಿ ಪಲ್ಟಣ ಸೇರಿ, ಬರ್ಮಾ ಕಡೆ ಲಾರಿ ನಡೆಸುತ್ತಿದ್ದರು. ಮಳೆಗಾಲದಿಂದ ಸುದ್ದಿಯೇ ಇರಲಿಲ್ಲ. ಟಪಾಲಿನವನು ನಮ್ಮ ಮನೆ ದಾಟಿ ಹೋದರೆ ನನಗೆ ಸಂಕಟ. ನಿಂತರೆ ಇನ್ನೂ ಭಯ!

ಒಂದು ಮಧ್ಯಾಹ್ನ ಬಳೆಗಾರ ಸಿಕ್ಕಿಬಿದ್ದ.

"ವೇಷ ಛಲೋ ಅದರಿ. ಯುದ್ಧ ಯಾವಾಗ ನಿಂದ್ರಸ್ತೀರಿ?"

"ಯವ್ವಾ, ನಾ ಅಫಜಲಪುರದ ಬಳೆಗಾರ!"

"ಹೌದ್ರಿ, ನೀವು ಹಾಂಗೇ ಅನ್ನಬೇಕು!"

ಇನ್ನೊಮ್ಮೆ, ಪ್ರತಿ ಮನೆಯವರೂ ಸರ್ಕಾರಕ್ಕೆ ಅಳೆದುಕೊಡಬೇಕಾಗಿದ್ದ ಲೆವಿ ಜೋಳ ಕೇಳಲು ಬಂದ ಸರ್ಕಾರಿ ಗುಮಾಸ್ತ. ತಪ್ಪಿಸಿಕೊಳ್ಳಲು ದಾರಿ ಕಾಣದೆ, "ಬರೂ ಗುರುವಾರ ನಿಂದ್ರಸ್ತೇನಿ, ಬಿಡ್ರೀ!" ಎಂದು ಮಾತು ಕೊಟ್ಟು ಓಡಿದ. ಕೊಟ್ಟ ಮಾತನ್ನು ಅತ್ತೆ ಬಿಡುತ್ತಾರೆಯೇ? ಶುಕ್ರವಾರ ಬೆಳಿಗ್ಗೆ ಚಾವಡಿಗೇ ಹೋಗಿ ನಿಂತರು! ನಮ್ಮ ಮನೆಯ ಲೆವಿ ಕೇಳಲು ಆಮೇಲೆ ಯಾರೂ ಬರಲಿಲ್ಲ.

ಗುಡಿಯ ಪೂಜಾರಿಯೊಬ್ಬರು ತಿದ್ದಲು ನೋಡಿದರು. "ನಮ್ಮ ಕಡಿಯವರು ಗೆಲ್ಲಲಿ ಅಂತ ಬೇಡ್ಕೋರಿ."

"ಗೆದ್ದರ ಆ ಕಡಿ ಅವ್ವಗೋಳು ಅಳ್ತಾರಲ್ರಿ? ನಿಂದ್ರಲಿ ಅಂತ ಕೇಳಾಕತ್ತೇನಿ. ಎಲ್ಲಾರ ಮಕ್ಕಳೂ ಮನಿ ಮುಟ್ಟಲಿ."

ಪೂಜಾರಿಗಳು ಪ್ರಸಾದ ಕೊಟ್ಟು ಕಳಿಸಿದರು.

ಆಮೇಲೊಂದು ಮಧ್ಯಾಹ್ನ ಖಾಕಿ ಅಂಗಿಯವನೊಬ್ಬ ಊರುಗೋಲು ಹಿಡಿದು ಬಾಗಿಲಿಗೆ ಬಂದ. ಏನು ಸುದ್ದಿ ತಂದನೋ ಎಂದು ನಾನು ಒಲೆ ಬಿಟ್ಟು ಹೊರಗೆ ಓಡಿದೆ. ಜೇವರ್ಗಿ ಕಡೆಯ ಹುಡುಗ. ಗಾಯವಾಗಿ ಪಲ್ಟಣ ಬಿಟ್ಟು, ಊರಿಗೆ ಹೋಗುವ ದಾರಿಯಲ್ಲಿ ಹರಕೆ ತೀರಿಸಲು ಇಲ್ಲಿ ಇಳಿದಿದ್ದ. ನಾನು ನಾಚಿಕೆ ಬಿಟ್ಟು ಗಂಡನ ಹೆಸರು ಹೇಳಿ ಕೇಳಿದೆ.

"ಅಲ್ಲಿ ಸಾವಿರಾರು ಮಂದಿ ಇದ್ದಾರ್ರಿ ಅಕ್ಕಾ, ಯಾರನ್ನಂತ ಹೇಳಲಿ?"

ಅತ್ತೆ ಅಂದು ತಗಾದೆ ಮಾಡಲೇ ಇಲ್ಲ. "ನೀ ಬಂದದ್ದು ನಿಮ್ಮವ್ವಗ ಗೊತ್ತದ ಏನಪಾ?" ಎಂದಷ್ಟೇ ಕೇಳಿದರು.

"ಇಲ್ರಿ."

ಬಡಿಸಿದ ರೊಟ್ಟಿಯನ್ನೂ ಶೇಂಗಾ ಚಟ್ನಿಪುಡಿಯನ್ನೂ ಅರಿವೆಯಲ್ಲಿ ಕಟ್ಟಿ ಅವನ ಕೈಗಿಟ್ಟರು. "ಏಳು, ದಾರ್ಯಾಗ ಉಣ್ಣು. ಆಕಿ ಕಾಯಾಕತ್ತಿರ್ತಾಳ."

ಅವನು ಹೋದ ಮೇಲೆ ನನಗೆ ತುತ್ತು ಇಳಿಯಲಿಲ್ಲ. ಅತ್ತೆ ಪಕ್ಕಕ್ಕೆ ಬಂದು ಕೂತು, ರೊಟ್ಟಿ ಮುರಿದು ನನ್ನ ಬಾಯಿಗೇ ಹಿಡಿದರು.

"ದೇವರು ಬರ್ತಾನ ಯವ್ವಾ, ಅದರಾಗ ಅನುಮಾನ ಇಲ್ಲ. ಅಂವ ಬರೂತನಕ ನೀ ಉಣಬೇಕಲ್ಲ?"

ಯುದ್ಧ ನಿಂತು ಕೆಲವು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ, ನನ್ನ ಗಂಡ ಜ್ವರದಿಂದ ಸೊರಗಿದ ಮುಖ ಹೊತ್ತು ಅಂಗಳದಲ್ಲಿ ನಿಂತಿದ್ದರು. ಅತ್ತೆ ಆ ಮುಖವನ್ನು ಎರಡೂ ಕೈಯಿಂದ ಸವರಿದರು. ಮಗನ ಕೈ ಹಿಡಿದು ಎಳೆದುತಂದು ನನ್ನೆದುರು ನಿಲ್ಲಿಸಿ, "ತಗೋ ಯವ್ವಾ, ನಿನ್ನ ಗಂಡ" ಎಂದು ಹೇಳಿ ಸರಸರನೆ ಹಿತ್ತಲಿಗೆ ಹೋದರು.

ಎಷ್ಟು ಹೊತ್ತಾದರೂ ಬಾರದ್ದನ್ನು ಕಂಡು ನಾನು ಹುಡುಕಿಕೊಂಡು ಹೋದೆ. ಅಷ್ಟು ವರ್ಷ ನನ್ನೆದುರು ಒಮ್ಮೆಯೂ ಕಣ್ಣೀರು ಹಾಕದಿದ್ದ ನಮ್ಮತ್ತೆ, ಎಮ್ಮೆಯ ಕೊರಳು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.