ಹೊಕ್ಕುಳ ಸುತ್ತ ಹದಿನಾಲ್ಕು

ಹೊಳೆನರಸೀಪುರದ ನಾಯಿಗಳಿಗೂ ನನಗೂ ಹಳೆಯ ವೈರವೇನೂ ಇರಲಿಲ್ಲ. ಆ ಶನಿವಾರ ಸಂಜೆ ಕಾಫಿಪುಡಿ ತರಲು ಹೊರಟ ನನ್ನ ಮೀನಖಂಡಕ್ಕೆ ಬಾಯಿ ಹಾಕಿ ಓಡಿಹೋದ ಕಂದು ನಾಯಿಗೆ, ತಾನು ಕಚ್ಚಿದ್ದು ಯಾರೋ ದಾರಿಹೋಕನನ್ನಲ್ಲ, 'ಕಣ್ತೆರೆ ವಿಜ್ಞಾನ ಬಳಗ'ದ ಸಂಸ್ಥಾಪಕ ಕಾರ್ಯದರ್ಶಿ, ಹೈಸ್ಕೂಲ್ ಮೇಷ್ಟ್ರು ಮುರಳೀಕೃಷ್ಣನನ್ನು ಎಂದು ಗೊತ್ತಿದ್ದಿರಲಾರದು.

(ಬಳಗವೆಂದರೆ ನಾನು, ಡ್ರಾಯಿಂಗ್ ಮೇಷ್ಟ್ರು ಷಡಕ್ಷರಿ, ಮತ್ತು ಒಂದು ಮೈಕ್ ಸೆಟ್ಟು. ಮೂವರಲ್ಲಿ ಮೈಕ್ ಸೆಟ್ಟಿಗೇ ಮರ್ಯಾದೆ ಜಾಸ್ತಿ.)

ಐದು ವರ್ಷಗಳಿಂದ ಹಳ್ಳಿ ಹಳ್ಳಿ ಸುತ್ತಿ ಜನಜಾಗೃತಿ ಮಾಡುತ್ತಿದ್ದೆವು. ಕಾಮಾಲೆಯೆಂದು ಕಣ್ಣಿಗೆ ಸೊಪ್ಪಿನ ರಸ ಹಿಂಡಬೇಡಿ, ಮಗು ಅಳುತ್ತದೆಂದು ಬಳೆ ಕಾಯಿಸಿ ಬರೆ ಹಾಕಬೇಡಿ, ಹಾವು ಕಚ್ಚಿದರೆ ಮಂತ್ರ ಹಾಕಿಸುತ್ತ ಕೂರಬೇಡಿ. ಆದರೆ ನನ್ನ ಬ್ರಹ್ಮಾಸ್ತ್ರ ನಾಯಿ ಕಡಿತದ ಭಾಗ. "ಹುಚ್ಚು ತಲೆಗೇರಿದ ಮೇಲೆ ಬ್ರಹ್ಮ ಬಂದರೂ ಉಳಿಸಲಾರ! ನಾಟಿ ಔಷಧಿ ನುಂಗಿ ಕೂತರೆ ಸಾವು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ತಗೊಂಡರೆ ಬದುಕು!" ಎಂದು ಮೇಜು ಗುದ್ದಿದರೆ ಚಪ್ಪಾಳೆ ಬಂದೇ ಬರುತ್ತಿತ್ತು. (ತೋಳಿಗೆ ಹಾಕುವ ಹೊಸ ಲಸಿಕೆ ನಮ್ಮ ತಾಲ್ಲೂಕಿಗೆ ಆಗಿನ್ನೂ ಬಂದಿರಲಿಲ್ಲ.)

ಈಗ ನಿಮ್ಮ ಹತ್ತಿರ ಮಾತ್ರ ಹೇಳುವ ಗುಟ್ಟು: ನನಗೆ ಸೂಜಿ ಕಂಡರೆ ಜೀವ ಹೋಗುತ್ತದೆ. ಮಗಳು ಅನ್ವಿತಾಗೆ ಮೂರು ತಿಂಗಳಲ್ಲಿ ಚುಚ್ಚುಮದ್ದು ಹಾಕಿಸಲು ಹೋದಾಗ, ಮಗು ಒಂದು ಸಲ ಕುಂಯ್ ಎಂದು ಸುಮ್ಮನಾಯಿತು. ಮಂಚದ ಮೇಲೆ ಮಲಗಿಸಿ ಗಾಳಿ ಹಾಕಿದ್ದು ನನಗೆ.

ಕುಂಟುತ್ತ ಮನೆಗೆ ಬಂದವನನ್ನು ಸರಸ ನೇರವಾಗಿ ಬಚ್ಚಲಿಗೆ ಎಳೆದೊಯ್ದು, ನಲ್ಲಿ ಬಿಟ್ಟು, ಬಟ್ಟೆ ಸೋಪಿನಲ್ಲಿ ಗಾಯ ತಿಕ್ಕತೊಡಗಿದಳು.

"ಸಾಕು ಕಣೇ, ಚರ್ಮ ಕಿತ್ತು ಬರುತ್ತೆ!"

"ಹದಿನೈದು ನಿಮಿಷ ತೊಳೀಬೇಕು ಅಂತ ಮೈಕಲ್ಲಿ ಕಿರುಚೋರು ಯಾರು? ಇನ್ನೂ ಒಂಬತ್ತೇ ನಿಮಿಷ ಆಗಿರೋದು. ಪ್ಯಾಂಟ್ ಬದಲಾಯಿಸಿ, ಆಸ್ಪತ್ರೆಗೆ ಹೋಗೋಣ."

"ಈಗ ಹೊತ್ತಾಯ್ತು. ನಾಳೆ ಭಾನುವಾರ, ಡಾಕ್ಟರ್ ಇರಲ್ಲ. ಸೋಮವಾರ ನೋಡೋಣ."

"ಅಲ್ರೀ, ಆ ನಾಯಿ ವಿಷ ಭಾನುವಾರ ರಜಾ ತಗೊಳುತ್ತಾ?"

ನಾನು ತಲೆನೋವು ಎಂದು ಮುಸುಕು ಹಾಕಿ ಮಲಗಿದೆ. ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಹದಿನಾಲ್ಕು ಸೂಜಿಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ಬೆಳಗಾಗುವಷ್ಟರಲ್ಲಿ ಈ ವಿಜ್ಞಾನಿಯ ಮಂಡೆಯಲ್ಲಿ ಒಂದು ಘನವಾದ ಸಿದ್ಧಾಂತ ರೂಪುಗೊಂಡಿತು: ಅರಕಲಗೂಡು ದಾರಿಯ ಕೊಪ್ಪಲಿನ ಚಿಕ್ಕಯ್ಯನ ನಾಟಿ ಔಷಧಿಯನ್ನು ಪರೀಕ್ಷಾರ್ಥವಾಗಿ ಸೇವಿಸಿದರೆ ತಪ್ಪೇನು? ಅದರಲ್ಲಿ ಸೂಜಿಯಂತೂ ಇಲ್ಲ!

ಆದರೆ ಅದಕ್ಕೊಂದು ಕಟ್ಟಳೆಯಿದೆ. ಭಾನುವಾರವೇ ಆಗಬೇಕು, ಬರೀ ಹೊಟ್ಟೆಯಲ್ಲಿರಬೇಕು, ತೆಂಗಿನಕಾಯಿ ವೀಳ್ಯದೆಲೆ ಒಯ್ಯಬೇಕು. ಮುಖ್ಯವಾಗಿ, ಹೊಸ್ತಿಲು ದಾಟುವ ಮೊದಲಿನಿಂದ ಔಷಧಿ ಗಂಟಲಿಗಿಳಿಯುವವರೆಗೂ ಬಾಯಿ ಬಿಡಕೂಡದು. ಈ ಮೌನವ್ರತವನ್ನು ವೇದಿಕೆಯ ಮೇಲೆ ಅಣಕಿಸಿ ಜನರನ್ನು ನಗಿಸಿದವನು ನಾನೇ. ಆದರೂ ಮಾಡುವುದಾದರೆ ಪದ್ಧತಿಪ್ರಕಾರವೇ ಮಾಡೋಣ, ಯಾಕೆ ರಿಸ್ಕು ಎಂದುಕೊಂಡೆ.

ಬೆಳಿಗ್ಗೆ ಚೀಲ ಹಿಡಿದು ಹೊರಟಾಗ ಸರಸ ಅಡ್ಡ ಬಂದಳು.

"ಎಲ್ಲಿಗೆ?"

ನಾನು ಕೈಯಲ್ಲೇ ಭಾಷಣದ ಅಭಿನಯ ಮಾಡಿದೆ.

"ಭಾಷಣಕ್ಕೆ ತೆಂಗಿನಕಾಯಿ ಯಾಕ್ರೀ?"

ಆಕಾಶ ನೋಡಿದೆ. ಅವಳು ನನ್ನನ್ನೇ ದಿಟ್ಟಿಸಿ, "ಎಲ್ಲಾ ನಿಮ್ಮಮ್ಮನ ಬುದ್ಧಿ. ಆ ಕಾಮಾಕ್ಷಮ್ಮನೋರೂ ಹೀಗೇ, ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟೋರೇ ಅಲ್ಲ" ಎಂದಳು. ಬೇರೆ ದಿನವಾಗಿದ್ದರೆ ಇದಕ್ಕೆ ಒಂದು ವಾರದ ಯುದ್ಧ. ನಾನು ತುಟಿ ಕಚ್ಚಿಕೊಂಡು ಬೀದಿಗಿಳಿದೆ.

ಬಸ್ಸು ಹತ್ತಿ ಮೂಲೆಯ ಸೀಟು ಹಿಡಿದೆ. ಕಂಡಕ್ಟರ್ ಬಂದವನು ನನ್ನ ಮುಖ ನೋಡಿದ, ಚೀಲದಿಂದ ಇಣುಕುತ್ತಿದ್ದ ತೆಂಗಿನಕಾಯಿ ನೋಡಿದ, ಎಲ್ಲಿಗೆಂದು ಕೇಳದೆ ಟಿಕೆಟ್ ಹರಿದ.

"ಚಿಕ್ಕಯ್ಯನ ಕೊಪ್ಲು ಒಂದು. ನಾಯಿ ತಾನೇ ಸಾ?"

ತೆಂಗಿನಕಾಯಿಯನ್ನು ಚೀಲದ ತಳಕ್ಕೆ ತುರುಕಿದೆ. ಭಾನುವಾರ ಬೆಳಿಗ್ಗೆ ಆ ಬಸ್ಸಿನಲ್ಲಿ ಮಾತಾಡದೆ ತೆಂಗಿನಕಾಯಿ ಹಿಡಿದು ಕೂತವನಿಗೆ ನಾಯಿ ಕಚ್ಚಿದೆಯೆಂದು ಇಡೀ ತಾಲ್ಲೂಕಿಗೇ ಗೊತ್ತು! ಅಷ್ಟರಲ್ಲಿ ಹಿಂದಿನ ಸೀಟಿನಿಂದ ನನ್ನ ಶಿಷ್ಯನೊಬ್ಬನ ತಂದೆ ಶಿವರಾಜು ಎದ್ದು ಬಂದ.

"ಅಲ್ಲಾ, ಮುರಳೀಕೃಷ್ಣ ಮೇಷ್ಟ್ರಲ್ವಾ ಇವ್ರು! ನಾಟಿ ಔಸ್ದಿ ತಗಂಡ್ರೆ ಸತ್ತೋಯ್ತೀರಾ ಅಂತ ನಮ್ಗೆ ಬಯ್ದಿದ್ರಲ್ಲಾ ಸಾ?"

ನಾನು ಕೈಮುಗಿದೆ. ಬಸ್ಸಿನವರೆಲ್ಲ ಕತ್ತು ತಿರುಗಿಸಿದರು. ಐದು ವರ್ಷದ ಜನಜಾಗೃತಿ ಅಲ್ಲೇ ಗುಳುಂ ಆಯಿತು. ಇಳಿದು ಓಡೋಣವೆನ್ನಿಸಿದರೂ ಕಾಲು ನೋಯುತ್ತಿತ್ತು.

ಚಿಕ್ಕಯ್ಯ ಜಗುಲಿಯ ಮೇಲೆ ಕೂತಿದ್ದ. ತೆಂಗಿನಕಾಯಿ ಮುಂದಿಟ್ಟು ಪ್ಯಾಂಟ್ ಮೇಲೆತ್ತಿ ಗಾಯ ತೋರಿಸಿದೆ. ಅವನು ಅದನ್ನು ನೋಡಲೇ ಇಲ್ಲ.

"ಬುಟ್ಬುಟ್ಟೆ ಸಾ."

ನನಗೆ ಅರ್ಥವಾಗಲಿಲ್ಲ.

"ಔಸ್ದಿ ಕೊಡಾದ ಬುಟ್ಬುಟ್ಟೆ. ಓದ ತಿಂಗ್ಳು ನಮ್ಮೂರ್ ಇಸ್ಕೂಲ್ತಾವ ಯೋಳಿದ್ರಲ್ಲಾ, ನಾಟಿ ಔಸ್ದಿಲಿ ಬದಿಕ್ದೋರ್ಗೆಲ್ಲ ಉಚ್ಚು ಇಲ್ದಿರ ನಾಯೇ ಕಚ್ಚಿರದು ಅಂತ. ಮುಂದ್ಗಡೆ ಸಾಲಲ್ಲೇ ಕುಂತಿದ್ದೆ. ಮೂರ್ ದಿನ ಅನ್ನ ಸೇರ್ಲಿಲ್ಲ. ಆಮ್ಯಾಕೆ ನನ್ ಮೊಮ್ಮಗ್ಳು ತೇಜಶ್ರೀಗೇ ನಾಯಿ ಕಚ್ತು. ನಾನೇ ಆಸ್ಪತ್ರೆಗೆ ಎತ್ಕಂಡೋದೆ. ಆರು ವರ್ಸದ ಕೂಸು, ಹದಿನಾಲ್ಕೂ ಆಕುಸ್ಕತು, ಒಂದ್ ದಿಸ ಅಳ್ನಿಲ್ಲ."

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸುವಷ್ಟು ನಾಚಿಕೆಯಾಯಿತು. ನನ್ನ ಭಾಷಣವನ್ನು ನಿಜವಾಗಿ ಕೇಳಿದವನು ಇವನೊಬ್ಬನೇ, ನಾನೂ ಕೇಳಿರಲಿಲ್ಲ. ಆದರೂ ಹಾಳು ಭಯ, ನಾಲಿಗೆ ತಡೆಯಲಿಲ್ಲ.

"ಹಳೇದು ಚೂರುಪಾರು ಉಳಿದಿಲ್ವಾ, ಚಿಕ್ಕಯ್ಯ?"

"ಬಾಯ್ ಬುಟ್ಬುಟ್ರಲ್ಲಾ ಸಾ! ಇನ್ನು ಇದ್ರೂವೆ ಯಿಡಿಯಾಕಿಲ್ಲ. ಏಳಿ ಮ್ಯಾಕೆ. ಈಗ್ಲೇ ಬಸ್ಸದೆ."

ಅದೇ ಬಸ್ಸು, ಅದೇ ಕಂಡಕ್ಟರ್. ಹೊಳೆನರಸೀಪುರ ಮುಟ್ಟುವವರೆಗೂ ಚಿಕ್ಕಯ್ಯ ನನ್ನ ತೋಳು ಬಿಡಲಿಲ್ಲ.

ಭಾನುವಾರವೂ ಡಾಕ್ಟರಿದ್ದ ಆಸ್ಪತ್ರೆಯ ಬೆಂಚಿನ ಮೇಲೆ ಸರಸ ಚೀಟಿ ಮಾಡಿಸಿಕೊಂಡು ಕೂತಿದ್ದಳು!

"ನಿನಗೆ ಹೇಗೆ..."

"ಅತ್ತೆಯೋರ್ನ ಅಂದ್ರೂ ಬಾಯಿ ಬಿಡದೆ ಹೋದ್ರಲ್ಲ, ಆಗಲೇ ಗೊತ್ತಾಯ್ತು. ಶಿವರಾಜುನೂ ಫೋನ್ ಮಾಡಿದ್ರು. ಏನೇ ನುಂಗಿ ಬಂದ್ರೂ ಇಂಜೆಕ್ಷನ್ ತಪ್ಪಿಸಲ್ಲ ಅಂತ ಚೀಟಿ ಮಾಡಿಸಿ ಕೂತೆ. ಸಂಜೆವರೆಗೂ ನೀವು ಬರದಿದ್ರೆ ನಾನೇ ಬಂದು ಎಳ್ಕೊಂಡು ಬರ್ತಿದ್ದೆ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಮಲಗಿ, ಅಂಗಿ ಎತ್ತಿ" ಎಂದಳು.

ಸೂಜಿ ಕಂಡದ್ದಷ್ಟೇ ನೆನಪು. ಎಚ್ಚರವಾದಾಗ ಚಿಕ್ಕಯ್ಯ ಗಾಳಿ ಹಾಕುತ್ತಿದ್ದ. ಹದಿನಾಲ್ಕು ದಿನವೂ ಸರಸ ಕಾಲು ಹಿಡಿದಳು, ಅವನು ಕೈ. ಹೊಟ್ಟೆ ಊದಿ, ಕೆಂಪಾಗಿ, ಒಳ್ಳೆ ಭೂಪಟದಂತಾಯಿತು. ಜೀವವಂತೂ ಉಳಿಯಿತು.

ಮುಂದಿನ ಸಭೆ ಚನ್ನರಾಯಪಟ್ಟಣದಲ್ಲಿ, ಚಿಕ್ಕಯ್ಯನೂ ಜೊತೆಗೆ ಬಂದಿದ್ದ. ನಾನು ಎದ್ದು ಗಂಟಲು ಸರಿಮಾಡಿಕೊಂಡರೆ ಷಡಕ್ಷರಿ ಮೈಕನ್ನು ಚಿಕ್ಕಯ್ಯನ ಕೈಗೆ ಕೊಟ್ಟ.

"ನಂಗೆ ವಿಜ್ನಾನ ಬರಾಕಿಲ್ಲ. ನಲವತ್ತು ವರ್ಸ ಔಸ್ದಿ ಕೊಟ್ಟೋನು ನಾನು, ನಂಬಿದ್ದು ತೆಪ್ಪು ಅಂತ ಯೋಳಾಕ್ ಬಂದಿವ್ನಿ" ಎಂದು ಅವನು ಶುರುಮಾಡಿದ. ಕೊನೆಗೆ ನನ್ನತ್ತ ತಿರುಗಿ, "ಮೇಷ್ಟ್ರೇ, ವಸಿ ತೋರ್ಸಿ" ಎಂದ. ಮೊದಲ ಸಾಲಿನಲ್ಲಿ ಕೂತಿದ್ದ ಸರಸ ಅಂಗಿ ಎತ್ತುವಂತೆ ಕಣ್ಸನ್ನೆ ಮಾಡಿದಳು. ಎತ್ತಿದೆ. ಐದು ವರ್ಷ ನನ್ನ ನಾಲಿಗೆಗೆ ಬೀಳದಷ್ಟು ಚಪ್ಪಾಳೆ ಅವತ್ತು ನನ್ನ ಹೊಟ್ಟೆಗೆ ಬಿತ್ತು.

ಈಗ ಎಲ್ಲ ಊರಿನವರೂ ಕರೆಯುವುದು ಚಿಕ್ಕಯ್ಯನನ್ನೇ. ಕಾಗದದ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಬರುವಾಗ ಆ ಹೊಟ್ಟೆಯವರನ್ನೂ ಕರೆದುಕೊಂಡು ಬನ್ನಿ.