ಸರ್ವಿಸ್ ಮಾಡುವಾಗ ಮಾತಾಡಬಾರದು

ಮಗಳು: ಸಿನಿಮಾಕ್ಕೆ ಬಾ ಅಂದ್ರೆ ಕಾಲು ನೋವು ಅಂತೀಯ. ಪಾರ್ಕಿಗೆ ಬಾ ಅಂದ್ರೆ ಬಿಸಿಲು ಅಂತೀಯ. ಈಗ ಈ ಸುಡು ಬಿಸಿಲಲ್ಲಿ ಅಷ್ಟು ಮೆಟ್ಟಿಲು ಹತ್ತಿಸಿ ತಂದು ಕೂರಿಸಿದ್ದೀಯ. ಟೆನಿಸ್ ಮೇಲೆ ನಿನಗೆ ಯಾವಾಗಿಂದಪ್ಪ ಪ್ರೀತಿ?

ಅಪ್ಪ: ಪ್ರೀತಿ ಹೇಳಿಕೇಳಿ ಬರುತ್ತಾ?

ಮಗಳು: ಆಡ್ತಿರೋ ಇಬ್ಬರಲ್ಲಿ ಒಬ್ಬನ ಹೆಸರಾದ್ರೂ ಗೊತ್ತಾ?

ಅಪ್ಪ: ಗೊತ್ತು. ಒಬ್ಬ ಬಿಳಿ ಟೋಪಿ, ಒಬ್ಬ ನೀಲಿ ಟೋಪಿ.

ಮಗಳು: ಮೂರನೇ ಟೋಪಿ ನನಗೆ ಹಾಕ್ತಿದ್ದೀಯ ಅಂತ ಅನುಮಾನ.

ಅನುಮಾನ ನಿಜವೇ ಆಗಿತ್ತು. ಅಪ್ಪ ನಿವೃತ್ತ ಗ್ರಂಥಪಾಲಕರು. ಆಯುಷ್ಯವೆಲ್ಲ ಮಂದಿಯ ಬಾಯಿ ಮುಚ್ಚಿಸಿ ಸಂಬಳ ಪಡೆದವರು. ಮಗಳು ಹೈಸ್ಕೂಲಿನ ಆಟದ ಟೀಚರು. ಮೈದಾನದ ಆ ತುದಿಯಲ್ಲಿ ಗೂನು ಬೆನ್ನು ಮಾಡಿ ನಿಂತ ಹುಡುಗರನ್ನು ಈ ತುದಿಯಿಂದಲೇ ನೆಟ್ಟಗಾಗಿಸುವ ಗಂಟಲು. ಅಂಥ ಗಂಟಲಿಗೆ ಅಪ್ಪ ಒಂದು ಸುದ್ದಿ ತಿಳಿಸಬೇಕಿತ್ತು. ಮನೆಯಲ್ಲಿ ತಿಳಿಸಿದರೆ ಅಕ್ಕಪಕ್ಕದವರಿಗೆ ಬೇರೆಯಾಗಿ ತಿಳಿಸುವ ಶ್ರಮ ಉಳಿಯುತ್ತಿತ್ತು. ಹೋಟೆಲಿನಲ್ಲಿ ತಿಳಿಸಿದರೆ ಅಡುಗೆಯವರೂ ಸೌಟು ಹಿಡಿದು ಹೊರಗೆ ಬರುತ್ತಿದ್ದರು. ಹೀಗೆ ತಲೆ ಕೆಡಿಸಿಕೊಂಡಿದ್ದಾಗ ಟೀವಿಯಲ್ಲಿ ಟೆನಿಸ್ ಕಣ್ಣಿಗೆ ಬಿತ್ತು. ಎತ್ತರದ ಕುರ್ಚಿಯಿಂದ ಅಂಪೈರು ಒಂದು ಮಾತು ಹೇಳಿದರೆ ಸಾವಿರಾರು ಜನ ಉಸಿರು ಬಿಗಿಹಿಡಿದು ಕೂರುತ್ತಾರೆ. ತಮ್ಮ ಗ್ರಂಥಾಲಯದಲ್ಲಿ ಹತ್ತು ಜನ ಅಷ್ಟು ವಿಧೇಯರಾಗಿದ್ದನ್ನು ಅಪ್ಪ ಕಂಡಿರಲಿಲ್ಲ. ಮರುದಿನವೇ ಎರಡು ಟಿಕೆಟ್ ತಂದರು.

ಅಂಪೈರ್: ಫಿಫ್ಟೀನ್ ಲವ್.

ಅಪ್ಪ: ಅದೇನು ಲವ್ ಲವ್ ಅಂತಿದ್ದಾನೆ?

ಮಗಳು: ಲವ್ ಅಂದ್ರೆ ಸೊನ್ನೆ. ಏನೂ ಇಲ್ಲ ಅಂತ.

ಅಪ್ಪ: ಅದು ಇವರ ಆಟದಲ್ಲಿ.

ನೀಲಿ ಟೋಪಿಯವನು ಸರ್ವಿಸ್‌ಗೆ ಮೊದಲು ಚೆಂಡನ್ನು ನೆಲಕ್ಕೆ ಕುಟ್ಟತೊಡಗಿದ. ಗದ್ದಲ ತಾನಾಗಿ ಇಳಿಯಿತು. ಅಪ್ಪ ಮಗಳ ಕಿವಿಯತ್ತ ಬಾಗಿದರು.

ಅಪ್ಪ: ನಾನೊಂದು ತೀರ್ಮಾನಕ್ಕೆ ಬಂದಿದ್ದೀನಿ.

ಮಗಳು: ಏನು ತೀರ್ಮಾ...

ಅಂಪೈರ್: ದಯವಿಟ್ಟು ನಿಶ್ಶಬ್ದ.

ಚೆಂಡು ಆ ಕಡೆ ಹೋಯಿತು, ಈ ಕಡೆ ಬಂತು. ಅದರ ಜೊತೆಗೆ ಇಡೀ ಕ್ರೀಡಾಂಗಣದ ತಲೆಗಳೂ ಆ ಕಡೆ ಹೋಗಿ ಈ ಕಡೆ ಬಂದವು. ಮಗಳ ತಲೆ ಮಾತ್ರ ಅಪ್ಪನ ಕಡೆಗೇ ನೆಟ್ಟು ನಿಂತಿತ್ತು. ಪಾಯಿಂಟ್ ಮುಗಿದು ಚಪ್ಪಾಳೆ ಎದ್ದದ್ದೇ ತಡ, ಕಟ್ಟೆ ಒಡೆಯಿತು.

ಮಗಳು: ಡಾಕ್ಟರ್ ಏನಂದ್ರು? ಕಣ್ಣಿನದು ತಾನೆ? ನನಗೆ ಗೊತ್ತಿತ್ತು. ಒಂದೇ ವರ್ಷದಲ್ಲಿ ಮೂರು ಕನ್ನಡಕ ಬದಲಾಯಿಸಿದ್ದೀಯ. ಆಪರೇಷನ್ ಅಂದ್ರಾ? ನನ್ನ ಹತ್ರ ಯಾಕೆ ಮುಚ್ಚಿಟ್ಟೆ?

ಅಪ್ಪ: ಕಣ್ಣು ಚೆನ್ನಾಗಿದೆ ಕಣಮ್ಮ. ಅಂಗಡಿಗೆ ಹೋಗ್ಬೇಕು ಅನ್ನಿಸ್ತು, ಬದಲಾಯಿಸಿದೆ.

ಮಗಳು: ಅಂಗಡಿಗೆ ಹೋಗೋ ಆಸೆಗೆ ಯಾರಾದ್ರೂ ಕನ್ನಡಕ ಬದಲಾಯಿಸ್ತಾರಾ?

ಅಪ್ಪ: ಮೊದಲನೇದು ತಾನಾಗೇ ಮುರೀತು.

ಹಿಂದಿನ ಸಾಲಿನಲ್ಲಿ ದುರ್ಬೀನು ಹಿಡಿದು ಕೂತಿದ್ದವರೊಬ್ಬರು ಅದನ್ನು ಇಳಿಸಿ ಮುಂದಕ್ಕೆ ಬಗ್ಗಿದರು.

ದುರ್ಬೀನಿನವರು: ಎಲ್ಲಿ ಸಾರ್ ಆ ಅಂಗಡಿ? ಚೆನ್ನಾಗಿ ನೋಡ್ತಾರಾ?

ಅಪ್ಪ: ಬಹಳ ಚೆನ್ನಾಗಿ ನೋಡ್ತಾರೆ. ಅಂಗಡಿ ಯಜಮಾನಿಯವರು ಎದುರಿಗೆ ಕೂತು, ಮೂಗಿನ ಮೇಲೆ ಅವರೇ ಸರಿಯಾಗಿ ಕೂರಿಸಿ ಕೊಡ್ತಾರೆ.

ಮಗಳು: ಯಜಮಾನಿನಾ?

ಚೆಂಡು ಮತ್ತೆ ನೆಲ ಕುಟ್ಟಿತು. ಮತ್ತೆ ಮೌನ ಇಳಿಯಿತು.

ಅಪ್ಪ: ಹೂಂ. ಅವರನ್ನೇ ಮದುವೆ ಆಗ್ಬೇಕು ಅಂತಿದ್ದೀನಿ.

ಮಗಳ ಬಾಯಿ ತೆರೆಯಿತು. ಸುತ್ತಲಿನ ನಾಲ್ಕಾರು ಬೆರಳುಗಳು ಒಟ್ಟಿಗೇ ತುಟಿಯ ಮೇಲೆ ಎದ್ದವು. ಬಾಯಿ ಮುಚ್ಚಿಕೊಂಡಿತು. ಅಪ್ಪನ ಪುಣ್ಯಕ್ಕೆ ಈ ಸಲ ಟೋಪಿಗಳೆರಡೂ ಚೆಂಡು ಬಿಟ್ಟುಕೊಡಲು ತಯಾರಿರಲಿಲ್ಲ. ಅಷ್ಟರಲ್ಲಿ ಉಳಿದದ್ದನ್ನೆಲ್ಲ ಅವರು ಪಿಸುಮಾತಿನಲ್ಲೇ ಸುರಿದುಬಿಟ್ಟರು.

ಅಪ್ಪ: ಅವರಿಗೂ ಮನೇಲಿ ಮಾತಾಡೋಕೆ ಯಾರೂ ಇಲ್ಲ. ಅಮ್ಮನ ಫೋಟೋ ಎಲ್ಲಿದೆಯೋ ಅಲ್ಲೇ ಇರಲಿ ಅಂದಿದ್ದಾರೆ. ಅದರ ಗಾಜು ಒರೆಸೋದು ನನ್ನ ಕೆಲಸ, ನನಗೆ ಅಭ್ಯಾಸ ಇದೆ ಅಂದ್ರು. ನೀನು ಒಪ್ಪದೆ ಬೇಡವೇ ಬೇಡ ಅಂತಾನೂ ಅಂದಿದ್ದಾರೆ. ನಾಳೆ ಹೋಗಿ ಉತ್ತರ ಹೇಳ್ಬೇಕು.

ಚೆಂಡು ನೆಟ್ಟಿಗೆ ಬಿತ್ತು. ಬಿಡುವು. ಆಟಗಾರರು ಟವೆಲ್ಲು ಹೊದ್ದು ಕುರ್ಚಿಗೆ ಹೋದರು, ಹಾಡು ಶುರುವಾಯಿತು, ಇಡೀ ಕ್ರೀಡಾಂಗಣ ಗಿಜಿಗುಟ್ಟಿತು. ಅಪ್ಪ ಕಣ್ಣು ಮುಚ್ಚಿ, ಹೆಗಲನ್ನು ಕಿವಿಯವರೆಗೆ ಏರಿಸಿ, ಪೆಟ್ಟಿಗೆ ಸಿದ್ಧರಾದರು. ಪೆಟ್ಟು ಬೀಳಲಿಲ್ಲ. ಒಂದು ಕಣ್ಣು ತೆರೆದು ನೋಡಿದರು. ಮಗಳು ಖಾಲಿ ಅಂಕಣವನ್ನು ನೋಡುತ್ತಿದ್ದಳು.

ಅಪ್ಪ: ಈಗ ಮಾತಾಡ್ಬಹುದು.

ಮಗಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಳು.

ಅಪ್ಪ: ಬಿಡುವು ಕಣಮ್ಮ ಇದು. ನೋಡು, ಎಲ್ಲರೂ ಮಾತಾಡ್ತಿದ್ದಾರೆ.

ಮಗಳು ನೀರು ಕುಡಿದಳು.

ಅಪ್ಪ: ಬೈಯೋದಿದ್ರೆ ಬೈದುಬಿಡು. ಜೋರಾಗೇ ಬೈಯಿ, ಪರವಾಗಿಲ್ಲ.

ಮಗಳು ಮುಚ್ಚಳ ಹಾಕಿದಳು.

ದುರ್ಬೀನಿನವರು: ಏನಂದ್ರು ಸಾರ್?

ಅಪ್ಪ: ಏನೂ ಅಂದಿಲ್ಲ.

ದುರ್ಬೀನಿನವರು: ಅಯ್ಯೋ. ನಮ್ಮನೆಯವಳು ಹೀಗೆ ಸುಮ್ಮನಾದ ಮೇಲೇನೇ ನಾನು ಇಡೀ ಮನೆಗೆ ಒಬ್ಬನೇ ಬಣ್ಣ ಹೊಡೆದಿದ್ದು.

ಅಪ್ಪ ಮಗಳ ಗಂಟಲಿಗೆ ಹೆದರಿ ಇಷ್ಟು ದೂರ ಓಡಿಬಂದಿದ್ದರು. ಗಂಟಲಿಲ್ಲದ ಮಗಳನ್ನು ಎದುರಿಸುವ ಉಪಾಯ ಅವರಲ್ಲಿ ಇರಲಿಲ್ಲ. ಮೌನಕ್ಕೆ ಇಂಥ ಕೈ ಇದೆ, ಆ ಕೈಗೆ ಇಂಥ ಉಗುರಿದೆ ಎಂದು ಗೊತ್ತಿದ್ದರೆ ಗ್ರಂಥಾಲಯದಲ್ಲಿ ಒಬ್ಬರನ್ನೂ ಗದರಿಸುತ್ತಿರಲಿಲ್ಲ.

ಅಪ್ಪ: ಸರಿ ಬಿಡಮ್ಮ. ನಿನಗೆ ಬೇಡ ಅಂದ್ರೆ ನನಗೂ ಬೇಡ. ನಾಳೆ ಹೋಗಿ ಹೇಳಿ ಬರ್ತೀನಿ. ಕನ್ನಡಕ ಹೇಗೂ ಮೂರಿದೆ, ಇನ್ನು ಆ ಕಡೆ ಹೋಗೋ ಪ್ರಮೇಯವೇ ಇಲ್ಲ.

ನಗಿಸಲು ಹೇಳಿದ ಮಾತು ಅರ್ಧದಲ್ಲೇ ಕುಂಟಿತು. ಮಗಳು ಒಮ್ಮೆ ಅವರ ಮುಖ ನೋಡಿದಳು. ಮತ್ತೆ ಅಂಕಣದತ್ತ ತಿರುಗಿದಳು.

ಆಟ ಮುಂದುವರಿಯಿತು. ಅಪ್ಪ ಚೆಂಡನ್ನು ನೋಡುತ್ತಿದ್ದರು, ಚೆಂಡು ಕಾಣುತ್ತಿರಲಿಲ್ಲ. ನೀಲಿ ಟೋಪಿಯವನು ಗೆಲ್ಲಲು ಇನ್ನೊಂದೇ ಪಾಯಿಂಟ್ ಉಳಿದಿತ್ತು. ಜನ ಚಡಪಡಿಸಿ, ಸಿಳ್ಳೆ ಹೊಡೆದು, ಕೊನೆಗೆ ಅಂಪೈರಿನ ಮಾತಿಗೆ ತಲೆಬಾಗಿ ಸ್ತಬ್ಧರಾದರು. ಮೇಲಿನ ಬಾವುಟ ಪಟಪಟ ಅನ್ನುವುದೂ ಕೇಳುತ್ತಿತ್ತು. ನೀಲಿ ಟೋಪಿಯವನು ಚೆಂಡನ್ನು ಮೇಲಕ್ಕೆ ಎಸೆದ. ಮಗಳು ಎದ್ದು ನಿಂತಳು.

ಮಗಳು: ಬೇಡ ಅಂತ ಹೇಳಿ ಬರೋದೇನೂ ಬೇಡಪ್ಪ. ಭಾನುವಾರ ಅವರನ್ನ ಊಟಕ್ಕೆ ಕರ್ಕೊಂಡು ಬಾ.

ಮೈದಾನದ ಆ ತುದಿಗೆ ಮುಟ್ಟುವ ದನಿ ಈ ತುದಿಗೂ ಮುಟ್ಟಿತು. ರ‍್ಯಾಕೆಟ್ಟು ಗಾಳಿಯನ್ನು ಹೊಡೆಯಿತು. ಚೆಂಡು ನೀಲಿ ಟೋಪಿಯ ಮೇಲೆ ಬಿದ್ದು ಕೆಳಗೆ ಉರುಳಿತು. ಸಾವಿರಾರು ತಲೆಗಳು ಆ ದಿನ ಮೊದಲ ಸಲ ಚೆಂಡನ್ನು ಬಿಟ್ಟು ಬೇರೆ ಕಡೆ ತಿರುಗಿದವು.

ಅಂಪೈರ್: ಮೇಲಿನ ಸಾಲಿನ ಮೇಡಂ, ದಯವಿಟ್ಟು ಕೂತ್ಕೊಳ್ಳಿ.

ಅಪ್ಪ ಸೀಟಿನೊಳಗೆ ಇಳಿದಿಳಿದು ಬರೀ ತಲೆಯಷ್ಟೇ ಉಳಿದಿದ್ದರು. ಆ ತಲೆಯಲ್ಲಿ ಬಾಯಿ ಕಿವಿಯವರೆಗೂ ಅಗಲವಾಗಿತ್ತು.

ಅಪ್ಪ: ಈಗ ತಾನೆ ಅಷ್ಟು ಹೊತ್ತು ಬಿಡುವಿತ್ತಲ್ಲಮ್ಮ. ಆಗಲೇ ಹೇಳಬಾರದಿತ್ತಾ?

ಮಗಳು: ಆಗ ಹೇಳಿದ್ರೆ ನಿನಗೊಬ್ಬನಿಗೇ ಕೇಳಿಸ್ತಿತ್ತು. ನಾಳೆ ಅಂಗಡಿ ಬಾಗಿಲಲ್ಲಿ ಧೈರ್ಯ ಸಾಲದೆ ವಾಪಸ್ ಬಂದು, ನನ್ನ ಮಗಳು ಒಪ್ಪಲಿಲ್ಲ ಅಂತ ನನ್ನ ಮೇಲೆ ಹಾಕ್ತಿದ್ದೆ. ಈಗ ಹಾಕು ನೋಡೋಣ. ಇಷ್ಟು ಜನ ಸಾಕ್ಷಿ ಇದ್ದಾರೆ.

ಹಿಂದಿನ ಸಾಲಿನಿಂದ ಒಂದು ತಲೆ ಇಬ್ಬರ ನಡುವೆ ಮೆಲ್ಲಗೆ ತೂರಿ ಬಂತು.

ದುರ್ಬೀನಿನವರು: ಭಾನುವಾರ ಸಾಕ್ಷಿಗಳಿಗೂ ಊಟ ಇದೆ ತಾನೆ ಮೇಡಂ?