ಕಾಲು ಮನೆಯ ಒಡತಿ

ಸಿಟ್ಟಿನಲ್ಲಿ ಬರೆಯಬಾರದು ಎನ್ನುತ್ತಾರೆ. ಈ ವಿಷಯದಲ್ಲಿ ನನ್ನ ಸಿಟ್ಟು ಇಳಿಯುವ ಲಕ್ಷಣವೇ ಇಲ್ಲದ್ದರಿಂದ ಬರೆದೇಬಿಡುತ್ತೇನೆ. ಶಿವಮೊಗ್ಗದ ವಿದ್ಯಾನಗರದಲ್ಲಿ ನನ್ನ ಹೆಸರಿನದೊಂದು ಹಳೆಯ ಮನೆಯಿದೆ. ಅದರ ಮೆಟ್ಟಿಲಿಗೂ ನನ್ನ ಮಂಡಿಗೂ ಆಗಿಬರುವುದಿಲ್ಲ. ಹಾಗಾಗಿ ಆಲ್ಕೊಳದಲ್ಲಿದ್ದ ನನ್ನ ಸೈಟು ಮಾರಿ, ಗೋಪಾಳದಲ್ಲಿ ಲಿಫ್ಟ್ ಇರುವ ಫ್ಲ್ಯಾಟ್ ಕೊಳ್ಳುವುದೆಂದಾಯಿತು. ಸೈಟು ಮಾರಿದ ದುಡ್ಡನ್ನು ಮನೆಗೇ ಹಾಕಿದರೆ ಲಾಭಕ್ಕೆ ತೆರಿಗೆಯಿಲ್ಲವಂತೆ. ಸರ್ಕಾರಕ್ಕೆ ಇಷ್ಟು ಒಳ್ಳೆಯ ಬುದ್ಧಿ ಯಾವಾಗ ಬಂತೆಂದು ಬೆರಗಾಗುತ್ತಲೇ ಆಡಿಟರ್ ಬಳಿ ಹೋದೆ.

“ವಿದ್ಯಾನಗರದ್ದು ಬಿಟ್ಟು ಬೇರೆ ಮನೆ ಇದೆಯಾ ಮೇಡಂ?” ಎಂದರು.

“ಇಲ್ಲ. ಭದ್ರಾವತಿಲಿ ಅಪ್ಪನ ಮನೆ ಇದೆ, ಅದ್ರಲ್ಲಿ ನಂದು ಕಾಲು ಪಾಲು ಅಷ್ಟೇ.”

“ಕಾಲು ಮನೇನೂ ಮನೇನೇ ಮೇಡಂ. ಒಟ್ಟು ಎರಡಾಯ್ತು. ಒಂದಕ್ಕಿಂತ ಹೆಚ್ಚು ಮನೆ ಇದ್ರೆ ವಿನಾಯಿತಿ ಸಿಗಲ್ಲ.”

ಒಂದಕ್ಕೆ ಕಾಲು ಕೂಡಿಸಿದರೆ ಎರಡು! ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನಾನು ಇದನ್ನು ಕೇಳಿಸಿಕೊಂಡು ಸುಮ್ಮನಿರಬೇಕು. ನನ್ನ ಕ್ಲಾಸಿನಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅಷ್ಟಕ್ಕೂ ಆ ಮನೆಯಲ್ಲಿ ನನ್ನದೇನಿದೆ? ಇರುವವನು ಕೊನೆಯ ತಮ್ಮ ಸತೀಶ. ಗೌರಿ ಹಬ್ಬಕ್ಕೆ ಹೋದರೆ ಫ್ರಿಜ್ಜಿನ ಪಕ್ಕ ಹಾಸುವ ಚಾಪೆಯೇ ನನ್ನ ಸಾಮ್ರಾಜ್ಯ.

“ಸೈಟು ಮಾರೋಕೆ ಮುಂಚೆ ಆ ಪಾಲು ತಮ್ಮನಿಗೆ ಬಿಟ್ಟುಕೊಟ್ಟು ರಿಜಿಸ್ಟರ್ ಮಾಡಿಸ್ಬಿಡಿ” ಎಂದು ಆಡಿಟರೇ ದಾರಿ ತೋರಿಸಿದರು.

ಭದ್ರಾವತಿಯ ಬಸ್ಸಿನಲ್ಲಿ ಕೂತು ಎಲ್ಲವನ್ನೂ ಕಲ್ಪಿಸಿಕೊಂಡೆ. ನಾನು ಪಾಲು ಬಿಡುತ್ತೇನೆ ಎನ್ನುವುದು, ಸತೀಶ “ಬೇಡ ಅಕ್ಕ” ಎಂದು ಕಣ್ಣೊರೆಸಿಕೊಳ್ಳುವುದು, ನಾನು ಬಲವಂತ ಮಾಡುವುದು. ಆದದ್ದೇ ಬೇರೆ. ವಿಷಯ ಕೇಳಿದವನೇ ಕಾಫಿ ಲೋಟ ಕೆಳಗಿಟ್ಟು ಒಳಗೆ ಓಡಿ, ಪ್ಲಾಸ್ಟಿಕ್ ಕವರೊಂದನ್ನು ತಂದ. ಒಳಗೆ ಹಕ್ಕು ಬಿಡುಗಡೆ ಪತ್ರ. ನನ್ನ ಹೆಸರು, ಅಪ್ಪನ ಹೆಸರು, ವಿಳಾಸ ಎಲ್ಲ ಟೈಪಾಗಿ, ಸಹಿಯ ಜಾಗ ಮಾತ್ರ ಖಾಲಿ.

“ವಯಸ್ಸು ಐವತ್ತೆಂಟು ಅಂತಿದೆಯಲ್ಲೋ? ನಂಗೀಗ ಅರವತ್ತೆರಡು.”

“ಮಾಡಿಸಿದಾಗ ಅಷ್ಟೇ ಆಗಿತ್ತಲ್ಲ ಅಕ್ಕ. ಕೇಳೋಕೆ ಸಂಕೋಚ ಆಗಿ ಇಟ್ಕೊಂಡಿದ್ದೆ.”

ನಾಲ್ಕು ವರ್ಷ! ನಾಲ್ಕು ಗೌರಿ ಹಬ್ಬ ನನಗೆ ಒಬ್ಬಟ್ಟು ಬಡಿಸುವಾಗಲೂ ಬೀರುವಿನಲ್ಲಿ ಈ ಕಾಗದ ಇತ್ತು. ನನಗೆ ಬೇಕಾದದ್ದು ಅದೇ ಕಾಗದ, ಕೈಯಲ್ಲಿ ಪೆನ್ನೂ ಇತ್ತು. ಆದರೂ ಮೈಯೆಲ್ಲ ಉರಿಯಿತು.

“ಸೈನ್ ಮಾಡಲ್ಲ ಕಣೋ.”

“ಅಲ್ಲ ಅಕ್ಕ, ನೀನೇ ತಾನೆ ಅದಕ್ಕೆ ಅಂತ ಬಂದಿದ್ದು?”

“ಬಂದಿದ್ದೆ. ಈಗ ಹೋಗ್ತೀನಿ.”

ಶಿವಮೊಗ್ಗಕ್ಕೆ ವಾಪಸ್ ಬಂದು ಮನೆಯಲ್ಲಿ ಎಲ್ಲ ಹೇಳಿದೆ. “ಕೋಪಕ್ಕೆ ಇಷ್ಟೊಂದು ತೆರಿಗೆ ಕಟ್ಟೋರನ್ನ ನಾನು ನೋಡಿಲ್ಲ ಮಾರಾಯ್ತಿ” ಎಂದರು ಯಜಮಾನರು. ಸೈಟು ಮಾರಿದೆವು, ತೆರಿಗೆಯನ್ನು ಪೂರ್ತಿ ಕಟ್ಟಿದೆ.

ಹೋದ ವಾರ ಸತೀಶನ ಫೋನು: “ಅಕ್ಕ, ಮನೆಗೆ ಬಣ್ಣ ಹೊಡಿಸ್ಬೇಕು. ನಿನ್ನ ಕಾಲು ಭಾಗ ಕಳಿಸ್ತೀಯಾ?” ಒಡತಿಯಲ್ಲವೇ, ಕಳಿಸಿದೆ. ಬಣ್ಣ ಮಾತ್ರ ನಾನು ಹೇಳಿದ್ದೇ ಆಗಬೇಕು, ಗಿಳಿಹಸಿರು, ಎಂದು ಷರತ್ತು ಹಾಕಿದೆ. ಅವನ ಹೆಂಡತಿಗೆ ಆ ಬಣ್ಣ ಕಂಡರಾಗುವುದಿಲ್ಲ. ನಿಜ ಹೇಳಬೇಕೆಂದರೆ, ನನಗೂ ಆಗುವುದಿಲ್ಲ.